ಮೂರು ಲಕ್ಷದ ರೈಫಲ್ಲು, ಅರ್ಧ ಮಿಲಿಮೀಟರಿನ ಚುಕ್ಕೆ

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿ ಎಷ್ಟು ಚಿಕ್ಕದು ಎಂದು ಹೇಳಿದರೆ ಮೊದಲ ಸಲ ಕೇಳುವವರು ಸುಲಭಕ್ಕೆ ನಂಬುವುದಿಲ್ಲ. ಇಡೀ ಗುರಿಯ ಅಗಲ 45.5 ಮಿಲಿಮೀಟರ್, ಅಂದರೆ ಒಂದು ಚಿಕ್ಕ ಬಿಸ್ಕತ್ತಿನಷ್ಟು. ಅದರೊಳಗೆ ಒಂದರಿಂದ ಹತ್ತರವರೆಗೆ ವೃತ್ತಗಳು. ನಡುವಿನ ಹತ್ತನ್ನು ಮಾತ್ರ ವೃತ್ತ ಎನ್ನುವ ಹಾಗಿಲ್ಲ. ಅದು ಅರ್ಧ ಮಿಲಿಮೀಟರಿನ ಬಿಳಿ ಚುಕ್ಕೆ. ಶಾಲೆಯ ಮಕ್ಕಳು ಪೆನ್ಸಿಲಿಗೆ ತುಂಬುವ 0.5 ಸೀಸದ ಕಡ್ಡಿಯ ತುದಿಯಷ್ಟು. ಹಾರಿ ಬರುವ ಪೆಲೆಟ್ 4.5 ಮಿಲಿಮೀಟರ್ ದಪ್ಪ, ಅಂದರೆ ಚುಕ್ಕೆಯ ಒಂಬತ್ತು ಪಟ್ಟು. ಅದರ ಅಂಚು ಚುಕ್ಕೆಗೆ ತಾಗಿದರೂ ಹತ್ತು ಅಂಕ ಸಿಗುತ್ತದೆ. ಆದರೆ ಈಗ ಬರಿಯ ಹತ್ತು ಸಾಲದು. ಎಲೆಕ್ಟ್ರಾನಿಕ್ ಗುರಿಗಳು 10.0ರಿಂದ 10.9ರವರೆಗೆ ದಶಮಾಂಶದಲ್ಲಿ ಅಳೆಯುತ್ತವೆ. ಹೀಗೆ ಅರವತ್ತು ಹೊಡೆತ, ಎಪ್ಪತ್ತೈದು ನಿಮಿಷ, ನಿಂತೇ ಹೊಡೆಯಬೇಕು. ಪೂರ್ತಿ ಅಂಕ 654. ಕೈಯಲ್ಲಿರುವ ರೈಫಲ್ಲಿನ ತೂಕ 5.5 ಕಿಲೋ ಮೀರಬಾರದು.

ಈ ಆಟಕ್ಕೆಂದೇ ತಯಾರಾಗುವ ರೈಫಲ್‌ಗಳಿಗೆ ಕಳೆದ ವರ್ಷ ನಾವು ವಿಚಾರಿಸಿದಾಗ ಹೇಳಿದ ಬೆಲೆ ಎರಡೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಇತ್ತು. ‘ನಾವು’ ಎಂದರೆ ಡೊಂಬಿವಲಿಯ ನನ್ನ ಅಕ್ಕ, ಭಾವ ಮತ್ತು ನಾನು. ಅಕ್ಕನ ಮಗಳಿಗೆ ಹದಿನಾರು. ಮೂರು ವರ್ಷದಿಂದ ಕ್ಲಬ್ಬಿನ ರೈಫಲ್ಲಿನಲ್ಲೇ ಅಭ್ಯಾಸ ಮಾಡಿ ಅರವತ್ತು ಹೊಡೆತಕ್ಕೆ 612ರ ಆಸುಪಾಸು ಬಂದು ನಿಂತಿದ್ದಳು. ಭಾವ ಎಂಐಡಿಸಿಯ ಬಣ್ಣದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುತ್ತಾರೆ, ಅಕ್ಕ ಮನೆಯಲ್ಲಿ ಟ್ಯೂಷನ್ ಹೇಳುತ್ತಾಳೆ. ಮಗಳ ಕಾಲೇಜಿಗೆಂದು ಕಟ್ಟುತ್ತ ಬಂದ ಆರ್‌ಡಿ ಮೂರು ಲಕ್ಷಕ್ಕೆ ಬಂದಿತ್ತು. ಅದನ್ನು ಮುರಿಯಬೇಕೋ ಬೇಡವೋ ಎಂಬುದು ಪ್ರಶ್ನೆ. ನನಗೆ ಒಂದಿಷ್ಟು ಜರ್ಮನ್ ಬರುವುದರಿಂದ, ಈ ರೈಫಲ್ಲುಗಳಲ್ಲಿ ಹೆಚ್ಚಿನವು ಜರ್ಮನಿಯವೇ ಆದ್ದರಿಂದ, ಓದಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಭಾವ ಕೇಳಿದ್ದು ಒಂದೇ ಮಾತು: “ಮೂರು ಲಕ್ಷ ಕೊಟ್ರ ಅದು ಏನು ಕೊಡ್ತದ, ಅಷ್ಟು ಹೇಳಿಬಿಡು.”

ಇದನ್ನು ಬರೆಯುತ್ತಿರುವುದು ಆ ಪ್ರಶ್ನೆಗೆ ನಮಗೆ ಸಿಕ್ಕ ಉತ್ತರವನ್ನು ಹೇಳಲಿಕ್ಕೆ. ಇಂಥದ್ದೇ ಲೆಕ್ಕ ಹಾಕುತ್ತಿರುವ ಮನೆಗಳು ಬೆಂಗಳೂರಿನಲ್ಲೂ ಬೆಳಗಾವಿಯಲ್ಲೂ ಇರಬಹುದು.

*

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ‘ಏರ್ ಗನ್’ ಎಂದ ಕೂಡಲೇ ನಮ್ಮ ತಲೆಯಲ್ಲಿ ಬರುವುದು ಜಾತ್ರೆಯ ಬಲೂನ್ ಅಂಗಡಿ, ಇಲ್ಲವೇ ತೋಟದಲ್ಲಿ ಹಕ್ಕಿ ಹೊಡೆಯುವ ಪೋಕರಿ ಹುಡುಗರು. ಗುರಿಯ ಪಂದ್ಯ ಎಂದರೆ ಕೊಡಗಿನ ಕೈಲ್‌ಪೋಳ್ದಿನ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೆನಪಾಗುತ್ತದೆ. ಅಲ್ಲಿ ಇರುವುದು ನಿಜವಾದ ಕೋವಿ, ಮದ್ದು, ಸದ್ದು. ಅದರ ಎದುರು ಗಾಳಿಯ ರೈಫಲ್ಲು ಆಟಿಕೆಯಂತೆ ಕಾಣುವುದು ಸಹಜ.

ಪದಗಳ ಚರಿತ್ರೆ ಮಾತ್ರ ಬೇರೆಯದನ್ನೇ ಹೇಳುತ್ತದೆ. ನಮ್ಮ ‘ತುಪಾಕಿ’ ಬಂದದ್ದು ತುರ್ಕಿ ಭಾಷೆಯ ‘ತುಫೆಕ್’ನಿಂದ. ಅದರ ಹಳೆಯ ರೂಪ ‘ತುವೆಕ್’ ಹನ್ನೊಂದನೆಯ ಶತಮಾನದ ಮಹಮೂದ್ ಕಾಶ್ಗರಿಯ ನಿಘಂಟಿನಲ್ಲಿದೆ. ಅಲ್ಲಿ ಅದರ ಅರ್ಥ, ಗೋಲಿ ಊದಿ ಹಕ್ಕಿ ಹೊಡೆಯುವ ಕೊಳವೆ. ‘ಬಂದೂಕು’ ಅರಬ್ಬಿಯ ‘ಬುಂದುಖ್’ನಿಂದ ಬಂದದ್ದು. ಮೊದಲು ಒಂದು ಬಗೆಯ ಗುಂಡನೆಯ ಕಾಯಿಗೆ, ಆಮೇಲೆ ಆ ಗಾತ್ರದ ಗೋಲಿಗೆ, ಕೊನೆಗೆ ಗೋಲಿ ಹಾರಿಸುವ ಆಯುಧಕ್ಕೆ ಆ ಹೆಸರಾಯಿತು. ಮದ್ದು ಬರುವುದಕ್ಕೆ ಮೊದಲೇ ಕೊಳವೆ ಇತ್ತು, ಗೋಲಿ ಇತ್ತು, ಮನುಷ್ಯನ ಉಸಿರು ಇತ್ತು. ಏರ್ ರೈಫಲ್ಲು ತುಪಾಕಿಯ ಮರಿಯಲ್ಲ. ಒಂದು ಲೆಕ್ಕದಲ್ಲಿ ಅಜ್ಜಿ.

ಬೆಲೆಯ ಗೊಂದಲವೂ ಇಲ್ಲಿಂದಲೇ ಶುರುವಾಗುತ್ತದೆ. ದುಡ್ಡು ಹೆಚ್ಚು ಕೊಟ್ಟರೆ ಹೊಡೆತ ಜೋರಾಗಿರುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಜಾಹೀರಾತುಗಳೂ ಹಾಗೆಯೇ ಇರುತ್ತವೆ: ಇಷ್ಟು ವೇಗ, ಅಷ್ಟು ದೂರ. ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ ನಳಿಗೆಯ, 20 ಜೂಲ್ ಮೀರದ ಶಕ್ತಿಯ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಒಲಿಂಪಿಕ್ಸಿನಲ್ಲಿ ಬಳಸುವ ರೈಫಲ್ಲು ಈ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಅರ್ಧ ಗ್ರಾಮಿನಷ್ಟು ತೂಗುವ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಕಳಿಸುತ್ತದೆ. ಶಕ್ತಿ ಲೆಕ್ಕ ಹಾಕಿದರೆ ಏಳೂವರೆ ಜೂಲ್. ಹತ್ತು ಮೀಟರಿನಾಚೆಯ ಕಾಗದವನ್ನು ತೂತು ಮಾಡಲು ಅದಕ್ಕಿಂತ ಹೆಚ್ಚು ಬೇಕಿಲ್ಲ. ಶಕ್ತಿ ಹೆಚ್ಚಿದಷ್ಟೂ ರೈಫಲ್ಲು ಕೈಯಲ್ಲಿ ಅಲುಗುತ್ತದೆ. ಇಷ್ಟು ದುಡ್ಡು ಕೊಡುವುದು ಅದು ಅಲುಗದೆ ಇರಲಿ ಎಂದು.

ಆದರೂ ಇದು ಆಯುಧವೇ. ನಳಿಗೆಯೊಳಗೆ ಬಣ್ಣದ ದಾರ ತೂರಿಸಿಟ್ಟು ಒಳಗೆ ಪೆಲೆಟ್ ಇಲ್ಲವೆಂದು ತೋರಿಸುವುದು ರೇಂಜಿನ ಮೊದಲ ಪಾಠ. ಪೆಲೆಟ್ ಸೀಸದ್ದಾದ್ದರಿಂದ ಕೈ ತೊಳೆಯದೆ ಡಬ್ಬಿ ಬಿಚ್ಚಿ ತಿಂಡಿ ತಿನ್ನಬಾರದು ಎನ್ನುವುದು ಎರಡನೆಯದು. ಅಕ್ಕನಿಗೆ ಎರಡನೆಯದೇ ದೊಡ್ಡ ಚಿಂತೆ.

*

ಡೊಂಬಿವಲಿಯಂಥ ಊರಿನ ಹುಡುಗಿಗೆ ಈ ಆಸೆ ಎಲ್ಲಿಂದ ಬಂತು ಎಂದು ಊರಿನ ನೆಂಟರು ಕೇಳುತ್ತಾರೆ. ಲೋಕಲ್ ಟ್ರೇನಿನ ನಕಾಶೆ ತೋರಿಸಿದರೆ ಅರ್ಧ ಉತ್ತರ ಸಿಗುತ್ತದೆ. ನಾಲ್ಕಾರು ಸ್ಟೇಷನ್ ಈಚೆಗೆ ಥಾಣೆ. ಅಲ್ಲಿನ ರುದ್ರಾಂಕ್ಷ್ ಪಾಟೀಲ್ 2022ರಲ್ಲಿ ಕೈರೋದಲ್ಲಿ ಹತ್ತು ಮೀಟರ್ ಏರ್ ರೈಫಲ್ಲಿನ ವಿಶ್ವ ಚಾಂಪಿಯನ್ ಆದಾಗ ಅವನಿಗೆ ಹದಿನೆಂಟು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಅವನು, ದಿವ್ಯಾಂಶ್ ಸಿಂಗ್ ಪನ್ವರ್, ಐಶ್ವರ್ಯ್ ಪ್ರತಾಪ್ ಸಿಂಗ್ ತೋಮರ್ ಸೇರಿ 1893.7 ಅಂಕ ಗಳಿಸಿ ತಂಡದ ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು.

ಥಾಣೆಯಲ್ಲಿ ಟ್ರೇನ್ ಬದಲಿಸಿ ನವಿಮುಂಬಯಿಯ ಕಡೆ ಹೊರಟರೆ ಕೊನೆಯ ನಿಲ್ದಾಣ ಪನ್ವೇಲ್. ಅಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದವರು ಸುಮಾ ಶಿರೂರ. ಅವರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದಲ್ಲಿ ಎಂಬುದು ಇಲ್ಲಿನ ಕನ್ನಡಿಗರಿಗೂ ಅಷ್ಟಾಗಿ ಗೊತ್ತಿಲ್ಲ. 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ ಅವರು 400ಕ್ಕೆ 400 ಹೊಡೆದರು. ಹೆಂಗಸರಿಗೆ ಆಗ ನಲವತ್ತು ಹೊಡೆತ, ದಶಮಾಂಶ ಇಲ್ಲ, ನಲವತ್ತೂ ಹತ್ತು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ ತಲುಪಿದರು. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ ರೇಂಜಿನಲ್ಲಿ ಸಂಜಯ್ ಚಕ್ರವರ್ತಿಯವರ ಕೈಕೆಳಗೆ ಬೆಳೆದ ಅಂಜಲಿ ಭಾಗವತ್, ದೀಪಾಲಿ ದೇಶಪಾಂಡೆ ಕೂಡ ಅದೇ ಅಥೆನ್ಸಿಗೆ ಹೋದವರು. ಅವನಿ ಲೇಖರಾ ಟೋಕಿಯೊ ಪ್ಯಾರಾಲಿಂಪಿಕ್ಸಿನಲ್ಲೂ 2024ರ ಪ್ಯಾರಿಸಿನಲ್ಲೂ ಚಿನ್ನ ಗೆದ್ದಾಗ ಅವಳ ಕೋಚ್ ಇದೇ ಸುಮಾ.

ಹೀಗೆ ಲೋಕಲ್ಲಿನಲ್ಲಿ ಹೋಗಿ ಬರುವ ದೂರದಲ್ಲೇ ಇಷ್ಟು ಮಂದಿ ಇದ್ದರೆ ಹುಡುಗಿಗೆ ಅದು ದೂರದ ಕನಸಾಗಿ ಕಾಣುವುದಿಲ್ಲ. ಅಪಾಯ ಇರುವುದೂ ಅಲ್ಲೇ. ಹತ್ತಿರದಲ್ಲಿ ಗೆದ್ದವರ ಕೈಯಲ್ಲಿ ಜರ್ಮನ್ ರೈಫಲ್ ಕಂಡಾಗ, ಗೆಲುವು ರೈಫಲ್ಲಿನೊಳಗೇ ಇದೆ ಅನ್ನಿಸಿಬಿಡುತ್ತದೆ.

*

ಭಾವನ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೊದಲು ಅಂಕಗಣಿತ ಮಾಡಿದೆ. 612 ಅಂಕ ಎಂದರೆ ಹೊಡೆತಕ್ಕೆ ಸರಾಸರಿ 10.2. ಹಾಂಗ್‌ಝೌದಲ್ಲಿ ಆ ಮೂವರ ಸರಾಸರಿ 10.5ಕ್ಕೆ ತುಸು ಮೇಲೆ. ದಶಮಾಂಶದ ಒಂದೊಂದು ಮೆಟ್ಟಿಲೂ ಕಾಲು ಮಿಲಿಮೀಟರ್. ಪೆಲೆಟ್ಟಿನ ನಡುಭಾಗ ಗುರಿಯ ನಡುವಿನಿಂದ ಎರಡೂವರೆ ಮಿಲಿಮೀಟರ್ ದೂರ ಬಿದ್ದರೆ 10.0, ಕಾಲು ಮಿಲಿಮೀಟರಿನೊಳಗೆ ಬಿದ್ದರೆ 10.9. ಹಾಗಾದರೆ 10.2ಕ್ಕೂ 10.5ಕ್ಕೂ ನಡುವಿನ ದಾರಿ ಬರೀ ಮುಕ್ಕಾಲು ಮಿಲಿಮೀಟರ್. ಡೊಂಬಿವಲಿಗೂ ಏಷ್ಯನ್ ಚಿನ್ನಕ್ಕೂ ಇರುವ ಅಂತರ ಒಂದು ಕ್ರೆಡಿಟ್ ಕಾರ್ಡಿನ ದಪ್ಪ.

ಅದನ್ನೇ ರೈಫಲ್ಲಿನ ಮೇಲೆ ಅಳೆದರೆ ಇನ್ನೂ ಚಿಕ್ಕದು. ಕಣ್ಣಿನ ಬಳಿಯ ಕಿಂಡಿಗೂ ನಳಿಗೆಯ ತುದಿಯ ಉಂಗುರಕ್ಕೂ ಸುಮಾರು ಎಂಬತ್ತು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹತ್ತು ಮೀಟರಿನಾಚೆ ಮುಕ್ಕಾಲು ಮಿಲಿಮೀಟರ್ ಸರಿಯಬೇಕಾದರೆ ನಳಿಗೆಯ ತುದಿ 0.06 ಮಿಲಿಮೀಟರ್ ಸರಿದರೆ ಸಾಕು. ತಲೆಗೂದಲೊಂದರ ದಪ್ಪ ಸುಮಾರು ಅಷ್ಟೇ. ಮೂರು ವರ್ಷದ ಅಭ್ಯಾಸ ಅವಳನ್ನು ಈ ಕೂದಲೆಳೆಯವರೆಗೆ ತಂದಿತ್ತು. ಇನ್ನುಳಿದ ಕೂದಲೆಳೆ ನಳಿಗೆಯದೋ, ಕೈಯದೋ?

ನಳಿಗೆಯದಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಉಲ್ಮ್ ಊರಿನ ವಾಲ್ಟರ್ ಮತ್ತು ಆನ್‌ಶುಟ್ಸ್, ಓಬರ್ನ್‌ಡಾರ್ಫಿನ ಫೈನ್‌ವೆರ್ಕ್‌ಬೌ, ಆಸ್ಟ್ರಿಯಾದ ಸ್ಟೈರ್, ಇಟಲಿಯ ಪಾರ್ದೀನಿ, ಇವುಗಳಲ್ಲಿ ಯಾವುದನ್ನೇ ಕೊಂಡರೂ ಸಂಗಡ ಸಾಮಾನ್ಯವಾಗಿ ಒಂದು ಚಿಕ್ಕ ಕಾಗದ ಬರುತ್ತದೆ. ಕಾರ್ಖಾನೆಯಲ್ಲಿ ರೈಫಲ್ಲನ್ನು ಬಿಗಿಯಾಗಿ ಕಟ್ಟಿ ಹತ್ತು ಮೀಟರಿನಿಂದ ಹೊಡೆದ ಹೊಡೆತಗಳು ಅದರಲ್ಲಿರುತ್ತವೆ. ಐದು ಹೊಡೆತ ಸೇರಿ ಆದದ್ದು ಒಂದೇ ತೂತು, ಒಂದು ಪೆಲೆಟ್ಟಿಗಿಂತ ಅಷ್ಟಿಷ್ಟು ದೊಡ್ಡದು. ಕ್ಲಬ್ಬಿನಲ್ಲಿದ್ದದ್ದು ಹಳೆಯ ಮಾದರಿಯಾದರೂ ಇದೇ ವರ್ಗದ್ದು. ಅದನ್ನು ಹಾಗೆಯೇ ಕಟ್ಟಿ ಹೊಡೆದಾಗ ಅದರ ತೂತೂ ಹತ್ತರೊಳಗೇ ಇತ್ತು. ಎಂದಮೇಲೆ ನಳಿಗೆಗಾಗಿ ಮೂರು ಲಕ್ಷ ಕೊಡುವುದರಲ್ಲಿ ಅರ್ಥವಿರಲಿಲ್ಲ.

ಸೊಸೆಗೆ ಇದು ಮೊದಲೇ ಗೊತ್ತಿತ್ತು. “ಮಾಮಾ, ನಳಿಗಿ ಬಗ್ಗೆ ಏನೂ ಕೇಳಬ್ಯಾಡ್ರಿ. ಅದೆಲ್ಲಾ ಚಲೋನ ಇರ್ತದ. ಗಲ್ಲ ಎಲ್ಲಿ ಕೂಡ್ತದ, ಅದನ್ನ ಕೇಳ್ರಿ,” ಅಂದಳು.

*

ಗಲ್ಲ ಕೂಡುವ ಜಾಗಕ್ಕೆ ಜರ್ಮನಿನಲ್ಲಿ ‘ಶಾಫ್ಟ್‌ಬಾಕೆ’ ಎನ್ನುತ್ತಾರೆ. ‘ಬಾಕೆ’ ಎಂದರೆ ಗಲ್ಲವೇ. ರೈಫಲ್ಲಿನ ಮೈಗೂ ಮನುಷ್ಯನ ಮೈಗೂ ಒಂದೇ ಪದ. ಕಂಪನಿಯ ಕೈಪಿಡಿಯನ್ನು ಮನೆಯವರಿಗಾಗಿ ಕನ್ನಡಕ್ಕೆ ಮಾಡುವಾಗ ನಾನು ‘ಗಲ್ಲದಿಂಬು’ ಎಂದು ಬರೆದೆ. ಕೈಪಿಡಿಯಲ್ಲಿ ನಳಿಗೆಯ ಬಗ್ಗೆ ಇದ್ದದ್ದು ಕಡಿಮೆ; ಪುಟಗಟ್ಟಲೆ ಇದ್ದದ್ದು ತಿರುಪುಗಳ ಬಗ್ಗೆ. ಗಲ್ಲದಿಂಬನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸುವುದು. ಭುಜಕ್ಕೆ ಆನಿಸುವ ಬಟ್ಟನ್ನು ಉದ್ದ ಮಾಡುವುದು, ಓರೆ ಮಾಡುವುದು. ಹಿಡಿಯನ್ನು ಬೆರಳಿಗೆ ಹೊಂದಿಸುವುದು. ಎಡಗೈ ಕೆಳಗಿನ ಆಸರೆಯನ್ನು ಎತ್ತರಿಸುವುದು. ತೂಕದ ಬಿಲ್ಲೆಗಳನ್ನು ಹಿಂದೆ ಮುಂದೆ ಮಾಡುವುದು. ಬೆಲೆ ಏರಿದಂತೆ ಏರುವುದು ಮುಖ್ಯವಾಗಿ ಈ ತಿರುಪುಗಳ ಸಂಖ್ಯೆ ಮತ್ತು ಅವು ಎಷ್ಟು ನವಿರಾಗಿ ಸರಿಯುತ್ತವೆ, ಸರಿಸಿದ ಮೇಲೆ ಎಷ್ಟು ಗಟ್ಟಿಯಾಗಿ ನಿಲ್ಲುತ್ತವೆ ಎಂಬುದು.

ಅದು ಯಾಕೆ ಮುಖ್ಯ ಎಂದು ತಿಳಿಯಲು ನಿಲ್ಲುವ ಭಂಗಿ ನೋಡಬೇಕು. ಐದು ಕಿಲೋ ತೂಕವನ್ನು ಎಪ್ಪತ್ತೈದು ನಿಮಿಷ ತೋಳಿನ ಬಲದಿಂದ ಹಿಡಿಯಲು ಆಗದು. ಎಡಮೊಣಕೈಯನ್ನು ಸೊಂಟದ ಎಲುಬಿನ ಮೇಲೆ ಆನಿಸಿ, ಬೆನ್ನನ್ನು ತುಸು ಹಿಂದಕ್ಕೆ ವಾಲಿಸಿ, ತೂಕವೆಲ್ಲ ಎಲುಬಿನಿಂದ ಎಲುಬಿಗೆ ಇಳಿದು ನೆಲ ಸೇರುವಂತೆ ನಿಲ್ಲುತ್ತಾರೆ. ಸ್ನಾಯುಗೆ ಕೆಲಸ ಕೊಟ್ಟರೆ ಅದು ನಡುಗುತ್ತದೆ, ಎಲುಬು ನಡುಗುವುದಿಲ್ಲ. ರೈಫಲ್ಲು ಮೈಗೆ ಸರಿಯಾಗಿ ಕೂತಿದ್ದರೆ ಕಣ್ಣು ತಾನಾಗಿಯೇ ಕಿಂಡಿಯ ನೇರಕ್ಕೆ ಬರುತ್ತದೆ. ಕೂರದಿದ್ದರೆ ಕತ್ತು ಚಾಚಬೇಕು, ಭುಜ ಎತ್ತಬೇಕು, ಆ ಎಳೆತವೇ ಗುರಿಯಲ್ಲಿ ಕೂದಲೆಳೆಯಾಗಿ ಕಾಣುತ್ತದೆ. ಒಬ್ಬರ ಸೊಂಟದಿಂದ ಗಲ್ಲದವರೆಗಿನ ಅಳತೆ ಇನ್ನೊಬ್ಬರದಲ್ಲ. ಗಾಲಿಕುರ್ಚಿಯಲ್ಲಿ ಕೂತು ಹೊಡೆಯುವ ಅವನಿಯ ಅಳತೆಯೇ ಬೇರೆ. ಅಕ್ಕ ಇದನ್ನೆಲ್ಲ ಕೇಳಿ, “ರವಿಕಿ ಹೊಲಿಸಿದ ಹಂಗ ಅನ್ನು,” ಅಂದಳು. ಅದಕ್ಕಿಂತ ಚೆನ್ನಾಗಿ ನಾನು ಅನುವಾದಿಸಲಾರೆ.

ಕ್ಲಬ್ಬಿನ ರೈಫಲ್ಲಿನ ತೊಂದರೆ ಇಲ್ಲಿತ್ತು. ಅದನ್ನು ನಾಲ್ವರು ಮಕ್ಕಳು ಹಂಚಿಕೊಳ್ಳುತ್ತಿದ್ದರು. ಇವಳಿಗಿಂತ ಗೇಣುದ್ದ ಎತ್ತರದ ಹುಡುಗನೊಬ್ಬ ಹೊಡೆದು ಇಟ್ಟ ಮೇಲೆ ಇವಳ ಸರದಿ. ದಿನಾ ಮೊದಲ ಇಪ್ಪತ್ತು ನಿಮಿಷ ಅಲೆನ್ ಕೀ ಹಿಡಿದು ತಿರುಪು ಸರಿಮಾಡುವುದು. ಅವಳ ನೋಟುಬುಕ್ಕಿನಲ್ಲಿ ಬಟ್ಟಿನ ಉದ್ದ, ಗಲ್ಲದಿಂಬಿನ ಎತ್ತರ ಎಲ್ಲವೂ ಬರೆದಿತ್ತು. ಆದರೂ ಅರ್ಧ ಮಿಲಿಮೀಟರ್ ಆಚೀಚೆ ಆಗದೆ ಇರುತ್ತಿರಲಿಲ್ಲ. ಆ ದಿನ ಅಂಕ ಕಡಿಮೆ ಬಂದರೆ ತಪ್ಪು ತನ್ನ ಉಸಿರಾಟದ್ದೋ, ಟ್ರಿಗರ್ ಎಳೆದ ರೀತಿಯದ್ದೋ, ಗಲ್ಲದಿಂಬಿನದ್ದೋ ಎಂದು ತಿಳಿಯುತ್ತಿರಲಿಲ್ಲ. ಕೋಚಿಗೂ ತಿಳಿಯುತ್ತಿರಲಿಲ್ಲ. ಮೂರು ವರ್ಷ 612ರಲ್ಲೇ ನಿಂತದ್ದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲಿ ತಿದ್ದಬೇಕು ಎಂಬುದು ಕಾಣದಿದ್ದರೆ ತಿದ್ದುವುದು ಹೇಗೆ?

ಹಾಗಾಗಿ ಭಾವನಿಗೆ ನಾನು ಕೊಟ್ಟ ಉತ್ತರ ಇಷ್ಟು: ದುಬಾರಿ ರೈಫಲ್ಲು ಅಂಕ ಕೊಡುವುದಿಲ್ಲ. ಅನುಮಾನ ತೆಗೆಯುತ್ತದೆ. ನಿನ್ನೆ ಎಲ್ಲಿ ಇತ್ತೋ ಇವತ್ತೂ ಎಲ್ಲವೂ ಅಲ್ಲೇ ಇದೆ ಎಂದು ಖಾತ್ರಿಯಾದರೆ, ಆಮೇಲೆ ಉಳಿಯುವ ತಪ್ಪು ಹೊಡೆಯುವವಳದ್ದೇ. ಅವಳಿಗೆ ಬೇಕಿದ್ದದ್ದು ದುಬಾರಿಯ ರೈಫಲ್ಲಲ್ಲ, ತನ್ನದೇ ಆದ ರೈಫಲ್ಲು.

*

‘ತನ್ನದೇ’ ಎಂಬುದು ಒಮ್ಮೆ ನಿರ್ಧಾರವಾದ ಮೇಲೆ ಆಯ್ಕೆಗಳು ಮೂರೇ ಉಳಿದವು.

ಒಂದು, ಇಲ್ಲಿಯೇ ತಯಾರಾದದ್ದು. ಏರ್ ರೈಫಲ್ ಮಾಡುವುದು ಈ ಭಾಗಕ್ಕೆ ಹೊಸತಲ್ಲ. ಸಿಮೆಂಟಿನ ಪೈಪಿಗೆ ಹೆಸರಾದ ಮುಂಬಯಿಯ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ‘ನ್ಯಾಷನಲ್’ ಏರ್ ರೈಫಲ್ಲನ್ನು ಹಳಬರು ಈಗಲೂ ನೆನೆಯುತ್ತಾರೆ. ಥಾಣೆ ಭಾಗದ ಪ್ರಿಸಿಹೋಲ್ ಲೋಹದಲ್ಲಿ ಆಳವಾದ ರಂಧ್ರ ಕೊರೆಯುವ ಯಂತ್ರಗಳನ್ನು ಮಾಡುತ್ತ ಬಂದ ಸಂಸ್ಥೆ. ನಳಿಗೆ ಕೊರೆಯುವ ವಿದ್ಯೆ ಕೈಯಲ್ಲಿದ್ದವರು ರೈಫಲ್ಲಿಗೂ ಇಳಿದರು. ಇವುಗಳ ಬೆಲೆ ಜರ್ಮನ್ ರೈಫಲ್ಲಿನ ಒಂದು ಸಣ್ಣ ಪಾಲು. ಈಗಷ್ಟೇ ಶುರು ಮಾಡುವವರಿಗೆ, ತನಗೆ ಈ ಆಟ ಹಿಡಿಸುತ್ತದೋ ಇಲ್ಲವೋ ಎಂದು ನೋಡುವವರಿಗೆ ಅಲ್ಲಿಂದಲೇ ಶುರು ಮಾಡುವುದು ಜಾಣತನ. ನಮ್ಮಲ್ಲಿ ಅಂಥವರಿಗೆಂದೇ ‘ಎನ್‌ಆರ್’ ಎಂಬ ವಿಭಾಗದ ಸ್ಪರ್ಧೆಗಳೂ ಇವೆ. ಆದರೆ ಇವಳು ಆ ಹಂತ ದಾಟಿದ್ದಳು. ಅವಳಿಗೆ ಬೇಕಾದಷ್ಟು ತಿರುಪುಗಳು ಅವುಗಳಲ್ಲಿ ನಮಗೆ ಸಿಗಲಿಲ್ಲ.

ಎರಡು, ಹೊಸ ಜರ್ಮನ್ ರೈಫಲ್. ಆರ್‌ಡಿ ಪೂರ್ತಿ ಹೋಗುತ್ತದೆ.

ಮೂರು, ಬಳಸಿದ್ದು. ಈ ಆಟದಲ್ಲಿ ಬಳಸಿದ ರೈಫಲ್ಲುಗಳು ಸಿಗುವುದಕ್ಕೆ ಕಾರಣವೇ ಒಂದು ಕತೆ. ಹನ್ನೆರಡನೆಯ ತರಗತಿ, ಎಂಜಿನಿಯರಿಂಗ್, ನೌಕರಿ, ಇವುಗಳ ಹೊತ್ತಿಗೆ ಎಷ್ಟೋ ಮಕ್ಕಳು ಆಟ ಬಿಡುತ್ತಾರೆ. ಅಪ್ಪ ಸಾಲ ಮಾಡಿ ಕೊಡಿಸಿದ ರೈಫಲ್ಲು ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಮಲಗುತ್ತದೆ. ಕಲ್ಯಾಣದಲ್ಲಿ ನಮಗೆ ಸಿಕ್ಕಿದ್ದು ಅಂಥದ್ದೊಂದು ವಾಲ್ಟರ್ ಎಲ್‌ಜಿ 400, ಅಲ್ಯುಮಿನಿಯಂ ಮೈಯದು. ಮಾರುತ್ತಿದ್ದ ಹುಡುಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ಕೇಳಿದ ಬೆಲೆ 1,55,000.

ಬಳಸಿದ್ದನ್ನು ಕೊಳ್ಳುವಾಗ ಮೊದಲು ನೋಡಬೇಕಾದದ್ದು ನಳಿಗೆಯಲ್ಲ, ಗಾಳಿಯ ಸಿಲಿಂಡರು. ನಳಿಗೆಯ ಕೆಳಗಿರುವ ಈ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ತುಂಬಿರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್. ಸಿಲಿಂಡರಿನ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತಾರೆ. ಹತ್ತು ವರ್ಷ ಅದರ ಆಯುಸ್ಸು. ಅವಧಿ ಮೀರಿದ ಸಿಲಿಂಡರಿನಿಂದ ಹೊಡೆಯುವುದು ಅಪಾಯ, ಸ್ಪರ್ಧೆಯ ತಪಾಸಣೆಯಲ್ಲೂ ತಡೆಯುತ್ತಾರೆ. ಕಲ್ಯಾಣದ ರೈಫಲ್ಲಿನ ಸಿಲಿಂಡರಿಗೆ ಉಳಿದಿದ್ದದ್ದು ಹದಿನಾಲ್ಕು ತಿಂಗಳು. ಹೊಸದಕ್ಕೆ ಮೂವತ್ತು ಸಾವಿರ ಎಂದು ಲೆಕ್ಕಕ್ಕೆ ಹಿಡಿದೆವು. ಎರಡನೆಯದಾಗಿ ತಿರುಪುಗಳ ಹಲ್ಲು ಸವೆದಿದೆಯೇ, ಬಿಗಿ ಮಾಡಿದ ಮೇಲೂ ಅಲುಗುತ್ತದೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡಬೇಕು. ಮೂರನೆಯದು, ಹಿಂದಿನ ಕಿಂಡಿಯ ಗುಬ್ಬಿ. ಅದನ್ನು ಹತ್ತು ಕಟ್ಟು ಎಡಕ್ಕೆ ತಿರುಗಿಸಿ, ಹತ್ತು ಕಟ್ಟು ಬಲಕ್ಕೆ ತಿರುಗಿಸಿದರೆ ಹೊಡೆತ ಮೊದಲಿನ ಜಾಗಕ್ಕೇ ಬರಬೇಕು. ಇದನ್ನೆಲ್ಲ ನವಿಮುಂಬಯಿಯ ಒಂದು ರೇಂಜಿನಲ್ಲಿ ಕೋಚಿನ ಎದುರು ಒಂದು ಮಧ್ಯಾಹ್ನ ಪೂರ್ತಿ ನೋಡಿದೆವು. ಕೊನೆಗೆ ರೈಫಲ್ಲಿನ ನಂಬರು ಇರುವ ಮೂಲ ಬಿಲ್ಲು, ಇಬ್ಬರ ಗುರುತಿನ ಚೀಟಿಯ ಪ್ರತಿ, ಕೊಟ್ಟು ಕೊಂಡದ್ದಕ್ಕೆ ಬರೆದ ಕಾಗದ. ಪೆಟ್ಟಿಗೆ ಹೊತ್ತು ಲೋಕಲ್ಲಿನಲ್ಲಿ ಹೋಗುವವರಿಗೆ ಈ ಕಾಗದಗಳು ಪಾಸಿನಷ್ಟೇ ಅಗತ್ಯ. ಸ್ಟೇಷನ್ನಿನಲ್ಲಿ ಪೊಲೀಸರು ಪೆಟ್ಟಿಗೆ ತೆಗೆಸದೆ ಬಿಡುವುದಿಲ್ಲ, ಬಿಡಲೂ ಬಾರದು.

ಖರ್ಚಿನ ದೊಡ್ಡ ಪಾಲು ರೈಫಲ್ಲು ಮನೆಗೆ ಬಂದ ಮೇಲೆ ಶುರು. ದಿನಕ್ಕೆ ಎಂಬತ್ತು ಹೊಡೆತ, ವಾರಕ್ಕೆ ಐದು ದಿನ, ವರ್ಷಕ್ಕೆ ಐವತ್ತು ವಾರ ಎಂದರೆ ಇಪ್ಪತ್ತು ಸಾವಿರ ಪೆಲೆಟ್. ಡಬ್ಬಿಗೆ 500ರಂತೆ ನಲವತ್ತು ಡಬ್ಬಿ. ನಮಗೆ ಸಿಕ್ಕ ಬೆಲೆಯಲ್ಲಿ ಅದೇ ಅರವತ್ತು ಸಾವಿರ ದಾಟಿತು. ಪೆಲೆಟ್ಟಿನಲ್ಲೂ ಅಳತೆಗಳಿವೆ: 4.49, 4.50, 4.51. ಒಂದೊಂದು ನಳಿಗೆಗೆ ಒಂದೊಂದು ಹೊಂದುತ್ತದೆ. ಯಾವುದು ಎಂದು ಕಟ್ಟಿ ಹೊಡೆದೇ ನೋಡಬೇಕು, ಹೊಂದಿದ ಮೇಲೆ ಅದೇ ಬ್ಯಾಚಿನ ಡಬ್ಬಿಗಳನ್ನು ಒಟ್ಟಿಗೆ ಕೊಳ್ಳಬೇಕು. ಇದಕ್ಕೆ ರೇಂಜಿನ ಶುಲ್ಕ, ರಾಜ್ಯಮಟ್ಟದ ಕ್ಯಾಪ್ಟನ್ ಎಝೆಕಿಯೆಲ್ ಸ್ಪರ್ಧೆಯಂಥವುಗಳ ಪ್ರವೇಶ ಶುಲ್ಕ, ಊರೂರು ತಿರುಗುವುದು ಸೇರಿಸಿ. ಮೂರು ಲಕ್ಷವನ್ನೂ ರೈಫಲ್ಲಿಗೇ ಸುರಿದ ಮನೆ ಆರನೆಯ ತಿಂಗಳಿಗೆ ಪೆಲೆಟ್ ಎಣಿಸತೊಡಗುತ್ತದೆ. ಎಣಿಸಿ ಹೊಡೆಯುವ ಮಗು ಪ್ರತಿ ಹೊಡೆತಕ್ಕೂ ಹೆದರುತ್ತದೆ. ಹೊಸ ರೈಫಲ್ಲನ್ನು ನಾವು ಕೈಬಿಟ್ಟದ್ದು ಮುಖ್ಯವಾಗಿ ಈ ಕಾರಣಕ್ಕೆ. ಬಳಸಿದ ರೈಫಲ್ಲು, ಹೊಸ ಸಿಲಿಂಡರು, ಒಂದು ವರ್ಷದ ಪೆಲೆಟ್ಟು ಕಳೆದು ಆರ್‌ಡಿಯಲ್ಲಿ ಐವತ್ತು ಸಾವಿರದ ಹತ್ತಿರ ಉಳಿಯಿತು.

ಪುಕ್ಕಟೆ ಅಭ್ಯಾಸವೂ ಒಂದಿದೆ. ಪೆಲೆಟ್ ಇಲ್ಲದೆ, ಗಾಳಿ ಬಿಡದೆ ಟ್ರಿಗರ್ ಮಾತ್ರ ಎಳೆಯುವ ವ್ಯವಸ್ಥೆ ಈ ರೈಫಲ್ಲುಗಳಲ್ಲಿ ಇರುತ್ತದೆ. ಅಕ್ಕನ ಮನೆಯ ಹಾಲ್‌ನಿಂದ ಅಡಿಗೆಮನೆಯ ಗೋಡೆಗೆ ಐದು ಮೀಟರ್. ಗುರಿಯ ಕಪ್ಪು ಭಾಗ 30.5 ಮಿಲಿಮೀಟರ್, ಅದರ ಅರ್ಧದಷ್ಟು ಕಪ್ಪು ಚುಕ್ಕೆಯನ್ನು ಗೋಡೆಗೆ ಅಂಟಿಸಿದರೆ ಕಣ್ಣಿಗೆ ಹತ್ತು ಮೀಟರಿನದೇ ಲೆಕ್ಕ. ದಿನಾ ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಯಾರೂ ಅಡಿಗೆಮನೆಗೆ ಹೋಗಕೂಡದು ಎಂಬುದು ಅಕ್ಕನೇ ಮಾಡಿದ ನಿಯಮ.

*

ಕೊಳ್ಳುವ ಮುಂಚಿನ ರಾತ್ರಿ ಭಾವ ಇನ್ನೊಂದು ಮಾತು ಕೇಳಿದರು: “ಇಷ್ಟೆಲ್ಲಾ ಮಾಡಿ ಏನೂ ಆಗಲಿಲ್ಲಂದ್ರ?”

ನಾನು ರುದ್ರಾಂಕ್ಷ್‌ನ ಕತೆ ಹೇಳಿದೆ. ಕೈರೋದ ಚಿನ್ನದಿಂದ ಅವನು ಭಾರತಕ್ಕೆ ಪ್ಯಾರಿಸ್ ಒಲಿಂಪಿಕ್ಸಿನ ಒಂದು ಸ್ಥಾನ ಗೆದ್ದುಕೊಟ್ಟ. ಆದರೆ ಆ ಸ್ಥಾನ ದೇಶದ್ದು, ಗೆದ್ದವನದಲ್ಲ. 2024ರ ಆಯ್ಕೆ ಪರೀಕ್ಷೆಗಳಲ್ಲಿ ಅವನು ಹಿಂದೆ ಬಿದ್ದ. ಪ್ಯಾರಿಸಿಗೆ ಹೋದವರು ಅರ್ಜುನ್ ಬಬೂತಾ ಮತ್ತು ಸಂದೀಪ್ ಸಿಂಗ್. ಬಬೂತಾ ಅಲ್ಲಿ ನಾಲ್ಕನೆಯವನಾದ. ವಿಶ್ವ ಚಾಂಪಿಯನ್ನನ ಮನೆಯಲ್ಲೂ ರೈಫಲ್ಲು ಯಾವ ಭರವಸೆಯನ್ನೂ ಕೊಡಲಿಲ್ಲ ಎಂದಮೇಲೆ ನಮ್ಮ ಮನೆಯಲ್ಲಿ ಕೊಡುತ್ತದೆಯೇ? ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಕೊಡಿಸೋಣ,” ಅಂದರು. ನನಗೆ ಆಶ್ಚರ್ಯವಾಯಿತು. ಅವರೇ ವಿವರಿಸಿದರು: ಒಲಿಂಪಿಕ್ಸ್ ಸಿಗುತ್ತದೆ ಎಂದು ಹೇಳಿದ್ದರೆ ಮೂರು ಲಕ್ಷ ಜೂಜಿಗೆ ಇಟ್ಟ ಹಾಗೆ ಆಗುತ್ತಿತ್ತು. ಏನೂ ಸಿಗದೇ ಇರಬಹುದು ಎಂದು ಗೊತ್ತಿದ್ದೂ ಕೊಡಿಸಿದರೆ ಅದು ಮಗಳ ಓದಿಗೆ ಕಟ್ಟಿದ ಫೀ ಇದ್ದ ಹಾಗೆ. ಆರ್‌ಡಿ ಇದ್ದದ್ದೂ ಅದಕ್ಕೇ.

ರೈಫಲ್ಲು ಬಂದ ಮೊದಲ ತಿಂಗಳು ಅವಳ ಅಂಕ 611, 613, 612. ಹೊಸದೇನೂ ಆಗಲಿಲ್ಲ. ಆದರೆ ಕೋಚ್ ಅವಳ ಗುರಿಯ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರಂತೆ. ಮೊದಲೆಲ್ಲ ತಪ್ಪಿದ ಹೊಡೆತಗಳು ಸುತ್ತಲೂ ಚೆಲ್ಲಾಪಿಲ್ಲಿ ಇರುತ್ತಿದ್ದವು. ಈಗ ತಪ್ಪಿದವೆಲ್ಲ ಒಂದೇ ಕಡೆ, ಬಲಕ್ಕೆ, ತುಸು ಮೇಲೆ. ಹೆಚ್ಚಿನವು ನಲವತ್ತನೆಯ ಹೊಡೆತದ ನಂತರದವು. ದಣಿದ ಮೇಲೆ ಅವಳ ಬಲಭುಜ ಏರುತ್ತದೆ ಎಂದು ಕೋಚ್ ಹೇಳಿದರು. ಸೊಸೆ ಆ ಸಂಜೆ ನನಗೆ ಫೋನ್ ಮಾಡಿದ್ದು ಇದನ್ನು ಹೇಳಲು. ದನಿಯಲ್ಲಿ ಪದಕ ಗೆದ್ದಷ್ಟು ಖುಷಿ ಇತ್ತು. “ಮಾಮಾ, ತಪ್ಪು ಎಲ್ಲದ ಅಂತ ಸಿಕ್ತ್ರಿ,” ಅಂದಳು.